ಖಾಲಿ ಕಾಲಂಗೂ ಒಂದು ಜಾಗ

ನರಗುಂದ, ರೋಣ, ಗಜೇಂದ್ರಗಡದ ಕಡೆ ಹೊಲ ಕೊಳ್ಳಲು ಹೊರಟವರು ಮೊದಲು ಕೇಳುವುದು ಉತಾರ. ಹಳೆ ಮೈಸೂರಿನವರು ಪಹಣಿ ಎನ್ನುವ, ಸರ್ಕಾರಿ ಭಾಷೆಯಲ್ಲಿ ಆರ್‌ಟಿಸಿ ಎನಿಸಿಕೊಳ್ಳುವ ಈ ಕಾಗದ ಕೈಗೆ ಬಂದೊಡನೆ ತಿಳಿದವರ ಕಣ್ಣು ಎರಡು ಕಡೆ ಹೋಗುತ್ತದೆ. ಒಂಬತ್ತನೆಯ ಕಾಲಂನಲ್ಲಿ ಯಾರ ಹೆಸರಿದೆ? ಹನ್ನೊಂದನೆಯ ಕಾಲಂನಲ್ಲಿ ಏನಿದೆ? ಒಂಬತ್ತನೆಯದು ಮಾಲೀಕನದು. ಹನ್ನೊಂದನೆಯದು ಹೊಲದ ಮೇಲೆ ಇತರರಿಗಿರುವ ಹಕ್ಕು ಮತ್ತು ಋಣಗಳದು. ಬ್ಯಾಂಕಿನದೋ ಸೊಸೈಟಿಯದೋ ಬೋಜಾ ಇದ್ದರೆ ಅದು ಅಲ್ಲಿ ನಮೂದಾಗಿರುತ್ತದೆ. ಒಂಬತ್ತರಲ್ಲಿ ಹೆಸರಿದ್ದು ಹನ್ನೊಂದು ಖಾಲಿ ಇದ್ದರೆ ಮಾತುಕತೆ ಮುಂದುವರಿಯುತ್ತದೆ. ಆ ಕಾಗದದಲ್ಲಿ ಬರೆದದ್ದಕ್ಕೆ ಎಷ್ಟು ಬೆಲೆಯೋ ಬರೆಯದೆ ಬಿಟ್ಟ ಜಾಗಕ್ಕೂ ಅಷ್ಟೇ ಬೆಲೆ.

ಮನುಷ್ಯನ ಕಣ್ಣಿಗೆ ಖಾಲಿ ಜಾಗ ಸುಲಭವಾಗಿ ಕಾಣುತ್ತದೆ. ಗೆರೆ ಎಳೆದ ಚೌಕದೊಳಗೆ ಏನೂ ಇಲ್ಲ ಎಂದರೆ ಏನೂ ಇಲ್ಲ. ಆದರೆ ಅದೇ ಮಾಹಿತಿಯನ್ನು ಗಣಕಯಂತ್ರಕ್ಕೆ ಕೊಡುವಾಗ ಚೌಕಗಳಿರುವುದಿಲ್ಲ. ಅಕ್ಷರಗಳ ಒಂದು ಉದ್ದನೆಯ ಸಾಲು, ಒಂದು ಅಂಕಣ ಮುಗಿದು ಇನ್ನೊಂದು ಶುರುವಾಯಿತು ಎಂದು ಹೇಳಲು ನಡುವೆ ಒಂದೊಂದು ಅಲ್ಪವಿರಾಮ. ಅಷ್ಟೇ. ಆ ಸಾಲನ್ನು ಓದಿ ಮತ್ತೆ ಅಂಕಣಗಳಾಗಿ ಬಿಡಿಸುವುದು ಪ್ರೋಗ್ರಾಮಿನ ಕೆಲಸ. ಮೇಲುನೋಟಕ್ಕೆ ಎಳೆಯ ವಿದ್ಯಾರ್ಥಿಯೂ ಮಾಡಬಹುದಾದ ಈ ಕೆಲಸ, ‘ಸಿ’ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಐವತ್ತು ವರ್ಷಗಳಿಂದ ಅನುಭವಿಗಳನ್ನೂ ಮುಗ್ಗರಿಸುವಂತೆ ಮಾಡಿದೆ. ಮುಗ್ಗರಿಸುವುದು ಹೆಚ್ಚಾಗಿ ಖಾಲಿ ಅಂಕಣದ ಬಳಿಯೇ. ಅದನ್ನು ತಿಳಿಯಲು ಹೊಲದ ದಾಖಲೆಯ ಇತಿಹಾಸದಿಂದಲೇ ಹೊರಡುವುದು ಅನುಕೂಲ. ಏಕೆಂದರೆ ಈ ಸೀಮೆಯಲ್ಲಿ ಆ ಇತಿಹಾಸ ಕಲ್ಲಿನ ಮೇಲೆಯೇ ಇದೆ.

ರೋಣ-ಗಜೇಂದ್ರಗಡ ಸೀಮೆಯ ಸೂಡಿ ಗ್ರಾಮ ಜೋಡುಕಳಸದ ಗುಡಿ ಮತ್ತು ನಾಗಕುಂಡದಿಂದ ಪ್ರಸಿದ್ಧ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅದು ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಇಮ್ಮಡಿ ಜಯಸಿಂಹನ ಸೋದರಿ, ಯುದ್ಧಕ್ಕೂ ಇಳಿದವಳೆಂದು ಹೆಸರಾದ ಅಕ್ಕಾದೇವಿ ಈ ನಾಡನ್ನು ಆಳಿದಳು. ಕ್ರಿ.ಶ. 1010ರಿಂದ ಮುಂದಕ್ಕೆ ಸೂಡಿಯಲ್ಲಿ ಹಲವು ಶಾಸನಗಳು ದೊರೆತಿವೆ. ಅವುಗಳಲ್ಲಿ ಒಂದು ಇಂದಿನ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಚೋಳರೊಡನೆ ನಡೆದ ಯುದ್ಧದ ಗದ್ದಲದಲ್ಲಿ ಸೂಡಿಯ ಎಂಟು ಸೆಟ್ಟಿಗಳು ಮತ್ತು ಎಂಬತ್ತು ಒಕ್ಕಲುಗಳ ಹಳೆಯ ಕಟ್ಟಳೆ ಹಾಳಾಗಿ ಹೋಗಿತ್ತು. 11ನೇ ಶತಮಾನದ ಆ ಶಾಸನ ಅದನ್ನು ಮತ್ತೆ ಹೊಸದಾಗಿ ಮಾಡಿಕೊಟ್ಟದ್ದನ್ನು ಹೇಳುತ್ತದೆ. ದಾಖಲೆ ಹೋದರೆ ಹಕ್ಕೂ ಹೋಗುತ್ತದೆ, ಆದ್ದರಿಂದ ಮತ್ತೆ ಬರೆಸಬೇಕು ಎಂಬ ಅರಿವು ಸೂಡಿಯ ಸೆಟ್ಟಿಗಳಿಗೆ ಸಾವಿರ ವರ್ಷಗಳ ಹಿಂದೆಯೇ ಇತ್ತು. ಇದೇ ಊರಿನ ಹೆಸರಿನಲ್ಲಿ ಒಂದು ಖೊಟ್ಟಿ ದಾಖಲೆಯೂ ಇದೆ. ಗಂಗರ ಬೂತುಗ ಕ್ರಿ.ಶ. 938ರಲ್ಲಿ ಕೊಟ್ಟನೆಂದು ಹೇಳಿಕೊಳ್ಳುವ ತಾಮ್ರಪಟವನ್ನು ವಿದ್ವಾಂಸ ಜೆ.ಎಫ್. ಫ್ಲೀಟ್ ಪರಿಶೀಲಿಸಿ ಅದು ನಕಲಿ ಎಂದು ತೀರ್ಮಾನಿಸಿದ. ಯಾರೋ ಕಷ್ಟಪಟ್ಟು ತಾಮ್ರದ ಮೇಲೆ ಸುಳ್ಳು ಕೊರೆಸಿದರೆಂದರೆ ದಾಖಲೆಯ ಬೆಲೆ ಎಷ್ಟಿತ್ತೆಂದು ಊಹಿಸಬಹುದು.

ಶಾಸನಗಳ ಬರವಣಿಗೆಯ ಕ್ರಮ ಗಮನಿಸತಕ್ಕದ್ದು. ಅಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ಅಕ್ಷರದ ಬೆನ್ನಿಗೆ ಅಕ್ಷರ, ಸಾಲು ಮುಗಿದರೆ ಪದದ ನಡುವೆಯೇ ಮುಂದಿನ ಸಾಲಿಗೆ ಜಿಗಿತ. ಪದ್ಯ ಮುಗಿದಲ್ಲಿ ಒಂದು ಅಥವಾ ಎರಡು ಉದ್ದಗೆರೆ, ಅಂದರೆ ದಂಡ. ಉಳಿದದ್ದನ್ನು ಓದುವವನೇ ಬಿಡಿಸಿಕೊಳ್ಳಬೇಕು. ಪಂಡಿತರು ಇದನ್ನು ಪದಚ್ಛೇದ ಎನ್ನುತ್ತಾರೆ. ‘ಕರೆತಂದನು’ ಎಂದು ಕೂಡಿಸಿ ಓದಿದರೆ ಜೊತೆಗೆ ಕರೆದುಕೊಂಡು ಬಂದನು ಎಂದಾಗುತ್ತದೆ. ‘ಕರೆ ತಂದನು’ ಎಂದು ಒಡೆದರೆ ಕಳಂಕ ತಂದನು ಎಂದೂ ಆದೀತು. ಒಂದು ಬಿಡುವಿನಲ್ಲಿ ಒಬ್ಬನ ಮಾನ ಇರುತ್ತದೆ.

ಹೀಗಿದ್ದೂ ಶಾಸನಗಳ ದಾನದ ಭಾಗದಲ್ಲಿ ಗೊಂದಲ ಕಡಿಮೆ. ಕಾರಣ, ಅಲ್ಲಿ ಪ್ರತಿಯೊಂದು ಮಾಹಿತಿಗೂ ತಲೆಪಟ್ಟಿ ಇರುತ್ತದೆ. ‘ಸ್ವಸ್ತಿ’ ಎಂದು ಶುರು. ಅರಸನ ಹೆಸರು, ಅವನ ಕೈಕೆಳಗಿನ ಅಧಿಕಾರಿಯ ಹೆಸರು, ಶಕವರ್ಷ, ಸಂವತ್ಸರ, ತಿಥಿ, ವಾರ. ಆಮೇಲೆ ಕೊಟ್ಟ ಭೂಮಿ ಇಷ್ಟು ಮತ್ತರು. ಮೂಡಲು ಇಂಥದ್ದು, ತೆಂಕಲು ಇಂಥದ್ದು, ಪಡುವಲು, ಬಡಗಲು ಇಂಥಿಂಥದ್ದು ಎಂದು ನಾಲ್ಕು ದಿಕ್ಕಿನ ಎಲ್ಲೆ. ಇದನ್ನು ಅಳಿದವನಿಗೆ ಶಾಪ. ಕೊನೆಗೆ ‘ಮಂಗಳ ಮಹಾ ಶ್ರೀ’. ಬಡಗಲ ಎಲ್ಲೆಯನ್ನು ಹೇಳದೆ ಬಿಟ್ಟರೆ ‘ಬಡಗಲು’ ಎಂಬ ಪದವೇ ಇರುವುದಿಲ್ಲ, ಹಾಗಾಗಿ ಪಡುವಲ ಎಲ್ಲೆಯನ್ನು ಬಡಗಲದ್ದೆಂದು ಯಾರೂ ತಿಳಿಯಲಾರರು. ಮಾಹಿತಿ ತನ್ನ ಹೆಸರನ್ನು ತಾನೇ ಹೊತ್ತುಕೊಂಡು ಬರುತ್ತದೆ. ‘ಮಂಗಳ ಮಹಾ ಶ್ರೀ’ ಬಂದಿತೆಂದರೆ ಪಾಠ ಮುಗಿಯಿತು. ‘ಸಿ’ ಭಾಷೆಯಲ್ಲಿಯೂ ಪ್ರತಿಯೊಂದು ಅಕ್ಷರಮಾಲೆಯ ಕೊನೆಗೆ ಇಂಥದ್ದೇ ಒಂದು ಮುಕ್ತಾಯದ ಗುರುತು ಇರಲೇಬೇಕು. ಅಲ್ಲಿ ಮಂಗಳ ಹೇಳುವುದು ಸೊನ್ನೆ ಬೆಲೆಯ ಒಂದು ಬೈಟ್.

ಬರೆದದ್ದಕ್ಕೆ ಹೆಸರಿಲ್ಲದೆ, ಕೇವಲ ಬರೆದ ಜಾಗದಿಂದಲೇ ಅರ್ಥ ಹುಟ್ಟುವ ಪದ್ಧತಿ ನಮ್ಮ ಹೊಲಗಳಿಗೆ ವ್ಯಾಪಕವಾಗಿ ಬಂದದ್ದು 19ನೇ ಶತಮಾನದ ಮುಂಬಯಿ ಸರ್ವೆಯೊಡನೆ. ಅದಕ್ಕೂ ಮುಂಚೆ ಕುಲಕರ್ಣಿಗಳ ದಫ್ತರಗಳಿದ್ದವು. ಮರಾಠರ ಆಡಳಿತದ ಪ್ರಭಾವದಿಂದ ಧಾರವಾಡ, ಬೆಳಗಾವಿ ಕಡೆಯ ಹಳೆಯ ಕಾಗದಪತ್ರಗಳು ಬಹುಪಾಲು ಮೋಡಿ ಲಿಪಿಯಲ್ಲಿವೆ. ಮೊದಲು ಉದ್ದಕ್ಕೆ ಒಂದು ತಲೆಗೆರೆ ಎಳೆದುಕೊಂಡು, ಅದಕ್ಕೆ ತೂಗುಬಿಟ್ಟಂತೆ, ಆದಷ್ಟು ಲೇಖನಿ ಎತ್ತದೆ ಬರೆಯುತ್ತ ಹೋಗುವ ಲಿಪಿ ಇದು. ಇಲ್ಲಿಯೂ ಪದಗಳ ನಡುವೆ ಬಿಡುವಿಲ್ಲ. ಇಂದು ಅಂಥ ಕಾಗದ ಕೈಯಲ್ಲಿದ್ದರೂ ಓದಬಲ್ಲವರು ವಿರಳ.

ಜಾರ್ಜ್ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ 1830ರ ದಶಕದಲ್ಲಿ ಪುಣೆ ಕಡೆ ಆರಂಭಿಸಿದ ಹೊಸ ಸರ್ವೆ ಮುಂದಿನ ದಶಕದಲ್ಲಿ ಧಾರವಾಡ ಜಿಲ್ಲೆಗೂ ಬಂತು. ಹೊಲಕ್ಕೆ ನಂಬರು ಬಿತ್ತು, ಮೂಲೆಗೆ ಬಾಂದಕಲ್ಲು ನಿಂತಿತು. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. ಅಂಥ 40 ಗುಂಟೆ ಒಂದು ಎಕರೆ. ನೆಲದ ಮೇಲೆ ಬದು ಮತ್ತು ಬಾಂದಕಲ್ಲು, ಕಾಗದದ ಮೇಲೆ ಅಡ್ಡಗೆರೆ ಮತ್ತು ಉದ್ದಗೆರೆ. ಎರಡೂ ಒಂದೇ ಕಾಲಕ್ಕೆ ಬಂದ ಜೋಡಿ ಎನ್ನಬಹುದು. ‘ಹದ್ದುಬಸ್ತು’ ಎಂದು ಇಂದಿಗೂ ಸರ್ವೆ ಇಲಾಖೆ ಬಳಸುವ ಪದಕ್ಕೆ ಎಲ್ಲೆಯನ್ನು ಕಟ್ಟುವುದು ಎಂದೇ ಅರ್ಥ.

ಎಲ್ಲೆಯನ್ನೂ ಕಾಗದವನ್ನೂ ಕೇಳುವ ಈ ಹೊಸ ಆಡಳಿತ ನರಗುಂದದಲ್ಲಿ ರಕ್ತ ಕಂಡಿತು. ಇನಾಂ ಭೂಮಿ ಉಂಬಳಿಯಾಗಿ ಬಂದದ್ದಕ್ಕೆ ಸನದು ತೋರಿಸಿ ಎಂದು ಇನಾಂ ಕಮಿಷನ್ ದಕ್ಷಿಣ ಮರಾಠಾ ಪ್ರಾಂತದ ಊರೂರಿನಲ್ಲಿ ವಿಚಾರಣೆ ನಡೆಸಿತ್ತು. ಕಾಗದ ತೋರಿಸಲಾಗದ ಅನೇಕರು ಭೂಮಿ ಕಳೆದುಕೊಂಡರು. ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ಭಾವೆಗೆ ಮಕ್ಕಳಿರಲಿಲ್ಲ, ದತ್ತು ಸ್ವೀಕಾರಕ್ಕೆ ಕಂಪನಿ ಒಪ್ಪಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನನ್ನು ನರಗುಂದದವರು ಕೊಂದರು. ಈ ಮ್ಯಾನ್ಸನ್ ಹಿಂದೆ ಇನಾಂ ಕಮಿಷನ್ನಿನ ಕೆಲಸದಲ್ಲಿದ್ದವನು. ಜನರ ಸಿಟ್ಟಿಗೆ ಅದೂ ಒಂದು ಕಾರಣವಾಗಿತ್ತು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ನರಗುಂದ ಸಂಸ್ಥಾನ ಕಂಪನಿಯ ಮುಲ್ಕಿಗೆ ಸೇರಿತು, ಅದರ ಹೊಲಗಳೂ ಹೊಸ ವಹಿಯ ಗೆರೆಗಳೊಳಗೆ ಬಂದವು. ಬಂಡಾಯಕ್ಕೆ ಬೇರೆ ಕಾರಣಗಳೂ ಇದ್ದವು ನಿಜ. ಆದರೆ ಕಾಗದದಲ್ಲಿ ಇಲ್ಲದ್ದು ನೆಲದ ಮೇಲೂ ಇಲ್ಲ ಎಂಬ ಹೊಸ ನ್ಯಾಯ ಅವುಗಳಲ್ಲೊಂದು ಎಂಬುದನ್ನು ಮರೆಯುವಂತಿಲ್ಲ.

ಕಾಲಂಗಳ ಬಲ ಸಾಮಾನ್ಯ ರೈತನಿಗೆ ಪೂರ್ತಿ ಗೊತ್ತಾದದ್ದು 1974ರಲ್ಲಿ. ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಆ ವರ್ಷದ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನಿಗೆ ಹೊಲ ಸಿಗಬೇಕಾದರೆ ಅವನು ಗೇಣಿದಾರನೆಂದು ತೋರಿಸಬೇಕು. ತೋರಿಸುವುದು ಹೇಗೆ? ಪಹಣಿಯ ಹನ್ನೆರಡನೆಯ ಕಾಲಂನಲ್ಲಿ ಸಾಗುವಳಿದಾರನ ಹೆಸರು ಬರೆಯುವ ಜಾಗವಿದೆ. ಅಲ್ಲಿ ಹೆಸರಿದ್ದವನಿಗೆ ಭೂ ನ್ಯಾಯಮಂಡಳಿಯ ಮುಂದೆ ಅರ್ಧ ದಾರಿ ಸವೆದಂತೆ. 1964ರ ಭೂಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ, ಸುಳ್ಳೆಂದು ಸಾಬೀತಾಗುವವರೆಗೆ ಇಂಥ ನಮೂದು ನಿಜವೆಂದೇ ಭಾವಿಸಬೇಕು. ಬಾಯಿಮಾತಿನ ಗೇಣಿಯಲ್ಲಿ ತಲೆಮಾರುಗಳಿಂದ ಉತ್ತವನ ಹೆಸರು ಅಲ್ಲಿ ಇಲ್ಲದಿದ್ದರೆ ಅವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕು. ಹನ್ನೊಂದನೆಯದು ಖಾಲಿ ಇದ್ದರೆ ಮಾಲೀಕನಿಗೆ ಲಾಭ, ಹನ್ನೆರಡನೆಯದು ಖಾಲಿ ಇದ್ದರೆ ಗೇಣಿದಾರನಿಗೆ ನಷ್ಟ. ಅಕ್ಕಪಕ್ಕದ ಎರಡು ಕಾಲಂ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈ ವಹಿಗಳನ್ನು ಗಣಕಯಂತ್ರಕ್ಕೆ ಏರಿಸುವ ಕೇಂದ್ರದ ಯೋಜನೆ 1988-89ರಲ್ಲಿ ದೇಶದ ಕೆಲವೇ ಜಿಲ್ಲೆಗಳಲ್ಲಿ ಪ್ರಯೋಗವಾಗಿ ಶುರುವಾಯಿತು. ನಿಜವಾದ ಬದಲಾವಣೆ ಶತಮಾನದ ತಿರುವಿನಲ್ಲಿ ‘ಭೂಮಿ’ ಯೋಜನೆಯಿಂದ ಬಂತು. ರಾಷ್ಟ್ರೀಯ ಮಾಹಿತಿ ಕೇಂದ್ರ ತಂತ್ರಾಂಶ ಸಿದ್ಧಪಡಿಸಿತು. ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕೈಬರಹದಿಂದ ಯಂತ್ರಕ್ಕೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅಷ್ಟರಲ್ಲಿ 1997ರಲ್ಲಿ ಧಾರವಾಡ ಜಿಲ್ಲೆ ಒಡೆದು ಗದಗ ಹೊಸ ಜಿಲ್ಲೆಯಾಗಿತ್ತು. ಆಮೇಲೆ ರೋಣದಿಂದ ಗಜೇಂದ್ರಗಡವೂ ಪ್ರತ್ಯೇಕ ತಾಲ್ಲೂಕಾಯಿತು. ಗಡಿ ಬದಲಾದಾಗಲೆಲ್ಲ ದಾಖಲೆಯ ಮೇಲಿನ ಹೆಸರೂ ಬದಲಾಗಬೇಕಾಗುತ್ತದೆ.

ದಾಖಲೆಗಳು ಭದ್ರವಾದ ಡೇಟಾಬೇಸಿನೊಳಗೆ ಇರುವಷ್ಟು ಹೊತ್ತು ತೊಂದರೆಯಿಲ್ಲ. ಅಲ್ಲಿ ಪ್ರತಿ ಅಂಕಣಕ್ಕೂ ಹೆಸರುಂಟು. ಆದರೆ ಜಗತ್ತಿನ ಯಾವ ಕಚೇರಿಯ ಯಂತ್ರವೂ ಒಂಟಿಯಲ್ಲ. ಬೆಳೆವಿಮೆ, ಸಾಲ, ಪರಿಹಾರ ಎಂದು ಒಂದು ಕಡೆಯ ಪಟ್ಟಿ ಇನ್ನೊಂದು ಕಡೆಗೆ ಹೋಗಲೇಬೇಕು. ಎರಡು ಕಡೆ ಬೇರೆ ಬೇರೆ ತಂತ್ರಾಂಶ ಇದ್ದಾಗ ಇಬ್ಬರಿಗೂ ಅರ್ಥವಾಗುವ ಸರಳ ಒಪ್ಪಂದವೆಂದರೆ ಸಾದಾ ಅಕ್ಷರಗಳ ಕಡತ: ಒಬ್ಬ ರೈತನಿಗೆ ಒಂದು ಸಾಲು, ಮಾಹಿತಿಗಳ ನಡುವೆ ಅಲ್ಪವಿರಾಮ. ‘ಸಿಎಸ್‌ವಿ’ ಎಂದು ಕಂಪ್ಯೂಟರಿನವರು ಕರೆಯುವ ಈ ಪದ್ಧತಿಗೆ ಮೂಲ 1970ರ ದಶಕದ ಆರಂಭದ ಐಬಿಎಂ ಫೋರ್ಟ್ರಾನ್. ಅದಕ್ಕಿಂತ ಹಿಂದೆ ತೂತು ಕಾರ್ಡುಗಳಿದ್ದವು. 80 ಕಂಬಸಾಲುಗಳ ಕಾರ್ಡಿನಲ್ಲಿ ಇಷ್ಟನೆಯದರಿಂದ ಇಷ್ಟನೆಯದರವರೆಗೆ ಹೆಸರು ಎಂದು ಜಾಗವನ್ನೇ ನಿಗದಿ ಮಾಡಲಾಗುತ್ತಿತ್ತು. ಅಲ್ಪವಿರಾಮ ಬಂದ ಮೇಲೆ ಜಾಗದ ಅಳತೆಯ ಗೋಜು ತಪ್ಪಿತು. ಸಣ್ಣ ಹೆಸರಿಗೆ ಸಣ್ಣ ಜಾಗ, ದೊಡ್ಡದಕ್ಕೆ ದೊಡ್ಡದು. ಕುತೂಹಲದ ಸಂಗತಿಯೆಂದರೆ, ಅಂಕಣ ಬೇರ್ಪಡಿಸಲೆಂದೇ ಮೀಸಲಾದ ನಾಲ್ಕು ಅದೃಶ್ಯ ಗುರುತುಗಳು ಆಸ್ಕಿ ಎಂಬ ಅಕ್ಷರಪಟ್ಟಿಯಲ್ಲಿ 28ರಿಂದ 31ನೆಯ ಸ್ಥಾನದವರೆಗೆ ಇವೆ. ಯಾರೂ ಹೆಚ್ಚಾಗಿ ಬಳಸಲಿಲ್ಲ. ಕೀಲಿಮಣೆಯಲ್ಲಿ ಕಾಣುವ ಅಲ್ಪವಿರಾಮವೇ ಗೆದ್ದಿತು.

ಇನ್ನು ‘ಸಿ’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ 1972ರ ಸುಮಾರಿಗೆ ರೂಪಿಸಿದ ಈ ಭಾಷೆಯಲ್ಲಿ ಯುನಿಕ್ಸ್ ವ್ಯವಸ್ಥೆ ಬರೆಯಲ್ಪಟ್ಟಿತು. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಪುಸ್ತಕದಿಂದ ಅದು ಜಗತ್ತಿಗೆಲ್ಲ ಹಬ್ಬಿತು. ನಮ್ಮಲ್ಲಿಯೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಸಿವಿಲ್, ಮೆಕ್ಯಾನಿಕಲ್ ಎನ್ನದೆ ಮೊದಲ ವರ್ಷದ ವಿದ್ಯಾರ್ಥಿಗಳು ಕಲಿಯುತ್ತ ಬಂದ ಭಾಷೆ ಇದು. ಯುನಿಕ್ಸ್ ತನ್ನ ಸ್ವಂತ ಮನೆವಾರ್ತೆಯನ್ನೇ ಸಾದಾ ಅಕ್ಷರದ ಕಡತಗಳಲ್ಲಿ ಇಟ್ಟುಕೊಂಡಿತ್ತು. ಬಳಕೆದಾರರ ಪಟ್ಟಿಯಲ್ಲಿ ಅಂಕಣಗಳ ನಡುವೆ ವಿವರಣಾ ಚಿಹ್ನೆ, ಅಂದರೆ ಮೇಲೊಂದು ಕೆಳಗೊಂದು ಚುಕ್ಕೆ. ಎರಡನೆಯ ಅಂಕಣ ಗುಪ್ತಪದದ್ದು. ಅದು ಖಾಲಿ ಇದ್ದರೆ ಆ ಬಳಕೆದಾರ ಗುಪ್ತಪದವಿಲ್ಲದೆಯೇ ಒಳಗೆ ಬರಬಹುದು. ಅಲ್ಲಿಯೂ ನೋಡಿ, ಖಾಲಿ ಎಂದರೆ ಬಾಗಿಲು ತೆರೆದಿದೆ ಎಂದರ್ಥ.

ಸಾಲನ್ನು ತುಂಡು ಮಾಡಲು ‘ಸಿ’ ಭಾಷೆಯ ಭಂಡಾರದಲ್ಲಿ ‘ಸ್ಟ್ರ್‌ಟಾಕ್’ ಎಂಬ ಸಿದ್ಧ ಸಲಕರಣೆ ಇದೆ. 1989ರ ಅಧಿಕೃತ ಮಾನಕದಲ್ಲಿಯೇ ಸೇರಿದ್ದು. ಹೊಸಬರು ಮೊದಲು ಕೈಹಾಕುವುದು ಇದಕ್ಕೇ. ಇದಕ್ಕೆ ಒಂದು ಕಲ್ಪಿತ ಸಾಲನ್ನು ಕೊಟ್ಟು ನೋಡೋಣ. ಅಂಕಣಗಳು ಆರು: ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಮಾಲೀಕ, ಋಣ, ಸಾಗುವಳಿದಾರ.

45,2,4-20,ಬಸಪ್ಪ,,ಮಲ್ಲಪ್ಪ

ಬಸಪ್ಪನ ಹೊಲ, ಸಾಲವಿಲ್ಲ, ಉಳುವವನು ಮಲ್ಲಪ್ಪ. ನಮಗೆ ಎರಡು ಅಲ್ಪವಿರಾಮಗಳ ನಡುವೆ ಏನೂ ಇಲ್ಲದ್ದು ಕಾಣುತ್ತದೆ. ಸ್ಟ್ರ್‌ಟಾಕ್‌ಗೆ ಕಾಣುವುದಿಲ್ಲ. ಅದರ ಸ್ವಭಾವವೇ ಹಾಗೆ: ಒತ್ತಿಗೆ ಎಷ್ಟು ಗಡಿಗುರುತು ಬಂದರೂ ಅವೆಲ್ಲವನ್ನೂ ಒಂದೇ ಎಂದು ಎಣಿಸಿ ದಾಟಿಬಿಡುತ್ತದೆ. ಪದಗಳ ನಡುವೆ ಎರಡು ಮೂರು ಜಾಗ ಬಿಟ್ಟ ವಾಕ್ಯವನ್ನು ಒಡೆಯಲು ಈ ಗುಣ ಅನುಕೂಲ. ವಹಿಯ ಸಾಲಿಗೆ ಅದು ವಿಷ. ಅದು ಹಿಂದಿರುಗಿಸುವುದು ಆರು ತುಂಡುಗಳನ್ನಲ್ಲ, ಐದನ್ನು. ಐದನೆಯ ತುಂಡು ‘ಮಲ್ಲಪ್ಪ’. ಅಂದರೆ ಋಣದ ಅಂಕಣದಲ್ಲಿ ಮಲ್ಲಪ್ಪ ಬಂದು ಕುಳಿತ, ಸಾಗುವಳಿಯ ಅಂಕಣದಿಂದ ಎದ್ದುಹೋದ. ಬಸಪ್ಪನ ಮೇಲೆ ಇಲ್ಲದ ಸಾಲ ಬಂತು, ಮಲ್ಲಪ್ಪನ ಉಳುಮೆ ಅಳಿಸಿತು. ಹನ್ನೊಂದು ಮತ್ತು ಹನ್ನೆರಡನೆಯ ಕಾಲಂ ನೆನಪಿನಲ್ಲಿಡಿ ಎಂದದ್ದು ಇದಕ್ಕೇ. ಪ್ರೋಗ್ರಾಮು ನಿಲ್ಲುವುದಿಲ್ಲ, ತಪ್ಪಾಯಿತೆಂದು ಹೇಳುವುದೂ ಇಲ್ಲ. ಸಾವಿರ ಸಾಲುಗಳಲ್ಲಿ ಸಾಲವಿರುವವರದೆಲ್ಲ ಸರಿಯಾಗಿ ಬಂದಿರುತ್ತದೆ, ಸಾಲವಿಲ್ಲದವರದು ಮಾತ್ರ ಕೆಡುತ್ತದೆ. ಪರೀಕ್ಷೆಗೆಂದು ಎಲ್ಲ ಅಂಕಣ ತುಂಬಿದ ನಾಲ್ಕು ಸಾಲು ಬರೆದು ನೋಡಿ ತೃಪ್ತನಾದ ಪ್ರೋಗ್ರಾಮರ್ ಇದನ್ನು ಕಾಣುವುದೇ ಇಲ್ಲ.

ಸ್ಟ್ರ್‌ಟಾಕ್‌ಗೆ ಇನ್ನೊಂದು ಕೆಟ್ಟ ಚಾಳಿಯುಂಟು. ತುಂಡು ಮಾಡಿದ ಕಡೆ ಅಲ್ಪವಿರಾಮವನ್ನು ಅಳಿಸಿ ಅಲ್ಲಿ ಆ ಮುಕ್ತಾಯದ ಸೊನ್ನೆಯನ್ನು ಬರೆದುಬಿಡುತ್ತದೆ. ಅಳತೆ ಮಾಡಲು ಬಂದವನು ಬಾಂದಕಲ್ಲನ್ನೇ ಕಿತ್ತುಕೊಂಡು ಹೋದಂತೆ. ಮೂಲ ಸಾಲನ್ನು ಇನ್ನೊಮ್ಮೆ ನೋಡಿ ತಪ್ಪು ಹಿಡಿಯೋಣವೆಂದರೆ ಮೂಲವೇ ಉಳಿದಿರುವುದಿಲ್ಲ.

‘ಸ್ಕ್ಯಾನ್‌ಎಫ್’ ಜಾತಿಯ ಸಲಕರಣೆಗಳನ್ನು ನಂಬುವವರೂ ಇದ್ದಾರೆ. ಅಲ್ಪವಿರಾಮ ಬರುವವರೆಗೆ ಓದು ಎಂದು ಅದಕ್ಕೆ ಹೇಳಬಹುದು. ಆದರೆ ಕನಿಷ್ಠ ಒಂದು ಅಕ್ಷರವಾದರೂ ಸಿಗಬೇಕೆಂದು ಅದರ ಹಟ. ಖಾಲಿ ಅಂಕಣ ಎದುರಾದರೆ ಅಲ್ಲಿಯೇ ಕೈಚೆಲ್ಲಿ, ಎಷ್ಟು ಅಂಕಣ ಓದಿದೆನೆಂಬ ಲೆಕ್ಕವನ್ನು ಮಾತ್ರ ಕೊಟ್ಟು ಹಿಂದಿರುಗುತ್ತದೆ. ಆ ಲೆಕ್ಕವನ್ನು ನೋಡದ ಪ್ರೋಗ್ರಾಮರ್‌ಗೆ ಆಗುವ ಅನಾಹುತ ಮೊದಲಿನದಕ್ಕಿಂತ ಭಯಂಕರ. ಓದದೆ ಉಳಿದ ಅಂಕಣಗಳಲ್ಲಿ ಹಿಂದಿನ ಸಾಲಿನ ಮಾಹಿತಿ ಹಾಗೆಯೇ ಕುಳಿತಿರುತ್ತದೆ. ಪಕ್ಕದ ಹೊಲದವನ ಸಾಲ ಇವನ ಹೆಸರಿಗೆ ಬರುತ್ತದೆ. ಅದೂ ಅಂಕೆ ಸಮೇತ, ನೋಡಿದವರಿಗೆ ಪೂರ್ತಿ ನಿಜವೆಂದೇ ಕಾಣುವಂತೆ.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಬೆಳೆದ ಯುನಿಕ್ಸ್‌ನ 4.4 ಬಿಎಸ್‌ಡಿ ಆವೃತ್ತಿಯಲ್ಲಿ ‘ಸ್ಟ್ರ್‌ಸೆಪ್’ ಎಂಬ ಹೊಸ ಸಲಕರಣೆ ಬಂತು. ಖಾಲಿ ಅಂಕಣವನ್ನು ಖಾಲಿ ಎಂದೇ ಎಣಿಸಿ ಕೊಡುವುದು ಇದರ ಉದ್ದೇಶ. ನಮ್ಮ ಸಾಲನ್ನು ಕೊಟ್ಟರೆ ಆರು ತುಂಡು ಸರಿಯಾಗಿ ಬರುತ್ತವೆ, ಐದನೆಯದು ಶೂನ್ಯ ಉದ್ದದ್ದು. ಆದರೆ ‘ಸಿ’ ಭಾಷೆಯ ಅಧಿಕೃತ ಮಾನಕಕ್ಕೆ ಅದು ಸೇರಲಿಲ್ಲ. ಹಾಗಾಗಿ ಅನೇಕರು ಸಾಲಿನ ಒಂದೊಂದು ಬೈಟನ್ನೂ ತಾವೇ ನೋಡುತ್ತ, ಅಲ್ಪವಿರಾಮ ಬಂದಾಗ ಅಂಕಣ ಮುಗಿಯಿತೆಂದು ಬರೆದುಕೊಳ್ಳುವ ಪ್ರೋಗ್ರಾಮನ್ನು ಕೈಯಾರೆ ಬರೆಯುತ್ತಾರೆ. ನನಗೆ ತೋರುವ ಮಟ್ಟಿಗೆ ಅದೇ ಲೇಸು. ಕೊನೆಗೆ ಎಷ್ಟು ಅಂಕಣ ಸಿಕ್ಕವೆಂದು ಎಣಿಸಿ, ಆರಲ್ಲದಿದ್ದರೆ ಆ ಸಾಲನ್ನು ಪಕ್ಕಕ್ಕಿಟ್ಟು ಮನುಷ್ಯರಿಗೆ ತೋರಿಸಬೇಕು. ಹಳೆಯ ಕಾರಕೂನರು ಪುಟದ ಬುಡದಲ್ಲಿ ಬೇರೀಜು ಹಾಕಿ ತಾಳೆ ನೋಡುತ್ತಿದ್ದುದು ಇದೇ ಬುದ್ಧಿಯಿಂದ.

ಅಲ್ಪವಿರಾಮ ಮಾಹಿತಿಯ ಒಳಗೇ ಬಂದರೆ? ಇದು ಎರಡನೆಯ ತೊಡಕು. ನಮ್ಮ ಪದ್ಧತಿಯಲ್ಲಿ ಒಂದೂಕಾಲು ಲಕ್ಷವನ್ನು 1,25,000 ಎಂದು ಬರೆಯುತ್ತೇವೆ. ಎಚ್ಚರವಿಲ್ಲದೆ ಒಡೆದರೆ ಸಾಲ ಒಂದು ರೂಪಾಯಿ ಆಗುತ್ತದೆ, 25 ಮುಂದಿನ ಅಂಕಣಕ್ಕೆ ಹೋಗುತ್ತದೆ. ಜಂಟಿ ಖಾತೆಯ ಹೆಸರುಗಳ ನಡುವೆಯೂ ಅಲ್ಪವಿರಾಮ ಬರುವುದು ಸಹಜ. ಇದಕ್ಕೆ ಕಂಡುಕೊಂಡ ಉಪಾಯ, ಅಂಥ ಅಂಕಣವನ್ನು ಜೋಡಿ ಉದ್ಧರಣ ಚಿಹ್ನೆಗಳ ನಡುವೆ ಇಡುವುದು. ಚಿಹ್ನೆಯೊಳಗಿನ ಅಲ್ಪವಿರಾಮ ಗಡಿಯಲ್ಲ. ಒಳಗೆ ಉದ್ಧರಣ ಚಿಹ್ನೆಯೇ ಬೇಕಾದರೆ ಅದನ್ನು ಎರಡು ಸಲ ಬರೆಯಬೇಕು. ದಶಕಗಳ ಕಾಲ ಮನಸ್ಸಿಗೆ ಬಂದಂತೆ ನಡೆದಿದ್ದ ಈ ರೂಢಿಗಳನ್ನು 2005ರ ಅಕ್ಟೋಬರಿನಲ್ಲಿ ‘ಆರ್‌ಎಫ್‌ಸಿ 4180’ ಎಂಬ ಚಿಕ್ಕ ದಸ್ತಾವೇಜು ಬರಹಕ್ಕಿಳಿಸಿತು. ಬಳಕೆಗೆ ಬಂದ ಮೂವತ್ತು ವರ್ಷಗಳ ಮೇಲೆ ನಿಯಮ ಬರೆದ ಉದಾಹರಣೆ ಇದು.

ಎಕರೆ-ಗುಂಟೆಯದು ನಮ್ಮದೇ ವಿಶೇಷ ಪೇಚು. 4-20 ಎಂದರೆ 4 ಎಕರೆ 20 ಗುಂಟೆ, ಅಂದರೆ ನಾಲ್ಕೂವರೆ ಎಕರೆ. ಎರಡು ಪೂರ್ಣಾಂಕ ಓದು ಎಂದಷ್ಟೇ ಸ್ಕ್ಯಾನ್‌ಎಫ್‌ಗೆ ಹೇಳಿದರೆ ಅದು 4 ಎಂದೂ ಋಣ 20 ಎಂದೂ ಓದುತ್ತದೆ. ನಡುವಿನ ಗೆರೆ ಅದಕ್ಕೆ ಕಳೆಯುವ ಚಿಹ್ನೆ. ದಶಮಾಂಶವೆಂದು ತಿಳಿದು 4.20 ಎಂದಿಟ್ಟುಕೊಂಡರೆ ಕೂಡಿಸುವಾಗ ಕೆಡುತ್ತದೆ: 4-20ಕ್ಕೆ 4-30 ಸೇರಿದರೆ 9-10, ದಶಮಾಂಶದಲ್ಲಿ 8.50. ಇನ್ನು ಎಕ್ಸೆಲ್‌ನಂಥ ತಂತ್ರಾಂಶದಲ್ಲಿ ಕಡತ ತೆರೆದರೆ 4-20 ಎಂಬುದು ಏಪ್ರಿಲ್ 20 ಎಂಬ ತಾರೀಖಾಗಿ ನಿಲ್ಲುವುದೂ ಉಂಟು.

ಕನ್ನಡ ಅಕ್ಷರಗಳ ಮಾತು ಉಳಿಯಿತು. ‘ಸಿ’ ಹುಟ್ಟಿದ್ದು ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು ಎಂದುಕೊಂಡ ಲೋಕದಲ್ಲಿ. ಹಿಂದೆ ನುಡಿಯಂಥ ತಂತ್ರಾಂಶಗಳ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಕೂರಿಸಲಾಗುತ್ತಿತ್ತು. ನುಡಿಯಲ್ಲಿ ಬೆರಳಚ್ಚಾದ ‘ಕ’ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಇಂಗ್ಲಿಷಿನ ‘ಪಿ’ ಮತ್ತು ಜೊತೆಗೊಂದು ಟೋಪಿಯ ‘ಎ’ ಆಗಿ ಕಾಣುತ್ತಿತ್ತು. ಯುನಿಕೋಡ್ ಬಂದ ಮೇಲೆ ಪ್ರತಿ ಲಿಪಿಗೂ ಸ್ವಂತ ಜಾಗ ಸಿಕ್ಕಿತು. ಅದನ್ನು ಬೈಟುಗಳಾಗಿ ಬರೆಯುವ ‘ಯುಟಿಎಫ್-8’ ಎಂಬ ಕ್ರಮವನ್ನು ಕೆನ್ ಥಾಂಪ್ಸನ್ 1992ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ರಾಬ್ ಪೈಕ್ ಎದುರಿಗಿದ್ದಾಗ, ಊಟದ ಮೇಜಿನ ಕಾಗದದ ಹಾಸಿನ ಮೇಲೆ ರೂಪಿಸಿದ. ಇವನು ರಿಚಿಯ ಜೊತೆ ಯುನಿಕ್ಸ್ ಕಟ್ಟಿದವನೇ. ಇಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್. ಆ ಮೂರರಲ್ಲಿ ಯಾವುದೂ ಅಲ್ಪವಿರಾಮದ ಬೈಟನ್ನು ಹೋಲದಂತೆ ಏರ್ಪಾಡಾಗಿದೆ. ಆದ್ದರಿಂದ ಕನ್ನಡದ ಗಂಧವೇ ಇಲ್ಲದ ಹಳೆಯ ‘ಸಿ’ ಪ್ರೋಗ್ರಾಮು ಕೂಡ ಕನ್ನಡ ಸಾಲನ್ನು ಅಲ್ಪವಿರಾಮದಲ್ಲಿ ಸರಿಯಾಗಿ ಒಡೆಯಬಲ್ಲದು. ಇದನ್ನು ಯೋಚಿಸಿ ಮಾಡಿದವರಿಗೆ ನಾವು ಋಣಿಗಳು.

ಅಳತೆಯಲ್ಲಿ ಮಾತ್ರ ಎಚ್ಚರ ಬೇಕು. ರೋಣಕ್ಕೆ 9 ಬೈಟ್, ನರಗುಂದಕ್ಕೆ 18. ಗಜೇಂದ್ರಗಡ ಕಣ್ಣಿಗೆ ಐದೇ ಅಕ್ಷರ. ಒಳಗೆ ಒತ್ತು, ಅನುಸ್ವಾರ, ಸ್ವರಚಿಹ್ನೆ ಎಲ್ಲ ಸೇರಿ 9 ಸಂಕೇತ, ಅಂದರೆ 27 ಬೈಟ್. ಇಂಗ್ಲಿಷಿನಲ್ಲಿ ಅದೇ ಹೆಸರು 11 ಬೈಟ್. ತಾಲ್ಲೂಕಿನ ಹೆಸರಿಗೆ 20 ಬೈಟ್ ಧಾರಾಳವೆಂದು ಜಾಗ ಬಿಟ್ಟವನ ಪ್ರೋಗ್ರಾಮಿನಲ್ಲಿ, ಕೊನೆಯ ಸೊನ್ನೆಗೆ ಒಂದು ಕಳೆದು, ‘ಗಜೇಂದ್’ ಎಂಬಲ್ಲಿಗೆ ಹೆಸರು ಮುರಿದು ಮುಂದೆ ಒಂದು ಅನಾಥ ಬೈಟ್ ಉಳಿಯುತ್ತದೆ. ತುಂಡರಿಸುವ ಎಚ್ಚರವೂ ಇಲ್ಲದಿದ್ದರೆ ಹೆಸರು ತನ್ನ ಜಾಗ ಮೀರಿ ಪಕ್ಕದ ಅಂಕಣದ ನೆನಪಿನ ಮೇಲೆ ಹರಿಯುತ್ತದೆ. ಒತ್ತುವರಿ ಎಂದು ಕಂದಾಯದವರು ಕರೆಯುವುದು ಇದನ್ನೇ. 1988ರ ನವೆಂಬರಿನಲ್ಲಿ ಅಮೆರಿಕದ ಸಾವಿರಾರು ಯಂತ್ರಗಳನ್ನು ಕೆಡವಿದ ಮಾರಿಸ್ ಹುಳು ಒಳನುಗ್ಗಿದ ದಾರಿಗಳಲ್ಲೊಂದು, ಉದ್ದ ನೋಡದೆ ಸಾಲು ಓದುವ ‘ಗೆಟ್ಸ್’ ಎಂಬ ಸಲಕರಣೆ. 2011ರ ಮಾನಕದಲ್ಲಿ ಅದನ್ನು ‘ಸಿ’ ಭಾಷೆಯಿಂದಲೇ ಕಿತ್ತುಹಾಕಲಾಯಿತು.

ಸ್ಟ್ರ್‌ಟಾಕ್ ಇಂದಿಗೂ ಭಾಷೆಯಲ್ಲಿದೆ, ಪಠ್ಯಪುಸ್ತಕಗಳಲ್ಲಿಯೂ ಇದೆ. ಅದನ್ನೇ ಬಳಸಲೇಬೇಕಾದವರು ಒಂದು ಹಳೆಯ ಉಪಾಯ ಮಾಡುತ್ತಾರೆ. ಕಡತ ಕಳಿಸುವವರಿಗೆ, ಏನೂ ಇಲ್ಲದ ಅಂಕಣದಲ್ಲಿ ಒಂದು ಚಿಕ್ಕ ಅಡ್ಡಗೆರೆ ಹಾಕಿ ಕೊಡಿ ಎಂದು ಹೇಳುತ್ತಾರೆ. ಕೈಬರಹದ ವಹಿಯಲ್ಲಿ ಎಚ್ಚರದ ಕಾರಕೂನರು ಮಾಡುತ್ತಿದ್ದುದೂ ಅದನ್ನೇ. ಖಾಲಿ ಚೌಕವನ್ನು ಹಾಗೆಯೇ ಬಿಡದೆ ಅಡ್ಡಗೆರೆ ಎಳೆಯುತ್ತಿದ್ದರು, ಆಮೇಲೆ ಬೇರೆ ಯಾರೂ ಅಲ್ಲಿ ಏನನ್ನೂ ತುಂಬಬಾರದೆಂದು.